ಟ್ಯಾಂಗೋ ಪಿಯಾನೊ ವಾದಕ ಒಸ್ವಾಲ್ಡೊ ಪುಗ್ಲಿಯೇಸೆ ಬಗ್ಗೆ ತಿಳಿದವರು ಸ್ವಲ್ಪ ಹೇಳ್ತೀರಾ?

ಶ್ರುತಿ_ಹನುಮಂತನಗರ

ಎಲ್ಲರಿಗೂ ನಮಸ್ಕಾರ. ನಾನು ಇಂದಿರಾನಗರದಲ್ಲಿ ಟ್ಯಾಂಗೋ ಕಲಿಯುತ್ತಿದ್ದೇನೆ. ಚಿಕ್ಕವಳಿದ್ದಾಗ ಪಿಯಾನೊ ಕ್ಲಾಸಿಗೆ ಹೋಗುತ್ತಿದ್ದೆ, ಐದನೇ ಗ್ರೇಡ್ ಆದಮೇಲೆ ಓದು ಜಾಸ್ತಿಯಾಗಿ ನಿಂತುಹೋಯಿತು. ಮನೆಯಲ್ಲಿ ಎಲ್ಲರೂ ಕರ್ನಾಟಕ ಸಂಗೀತ ಕೇಳುವವರು. ಯಾವ ಹಾಡು ಕೇಳಿದರೂ ತೊಡೆಯ ಮೇಲೆ ತಾಳ ಹಾಕುವ ಅಭ್ಯಾಸ ನನಗೂ ಇದೆ.

ಕ್ಲಾಸಿನಲ್ಲಿ ನಮಗೆ ಹೆಚ್ಚಾಗಿ ಹುವಾನ್ ದಾರಿಯೆನ್ಸೊ, ಕಾರ್ಲೋಸ್ ದಿ ಸಾರ್ಲಿ ಇವರ ಆರ್ಕೆಸ್ಟ್ರಾಗಳ ರೆಕಾರ್ಡಿಂಗ್ ಹಾಕುತ್ತಾರೆ. ಹೆಜ್ಜೆ ಹಾಕಲು ಸಲೀಸು. ಆದರೆ ಕೊನೆಯಲ್ಲಿ, ಹಳೆಯ ವಿದ್ಯಾರ್ಥಿಗಳು ಮಾತ್ರ ಕುಣಿಯುವ ಹೊತ್ತಿಗೆ, ಒಸ್ವಾಲ್ಡೊ ಪುಗ್ಲಿಯೇಸೆ ಅನ್ನುವವರ ಹಾಡು ಬರುತ್ತದೆ. ಅದರಲ್ಲಿ ‘ಲಾ ಯುಂಬಾ’ ಅಂತ ಒಂದಿದೆ. ಕೇಳಿದಾಗಿನಿಂದ ತಲೆಯಿಂದ ಹೋಗುತ್ತಿಲ್ಲ. ಕೆಳಗಿನ ಸ್ವರಗಳಲ್ಲಿ ಪಿಯಾನೊವನ್ನು ಹಾಗೆ ಬಡಿಯುವುದನ್ನು ನಾನು ಬೇರೆಲ್ಲೂ ಕೇಳಿಲ್ಲ. ಜೋರಾಗಿ ಹೋಗುತ್ತಾ ಹೋಗುತ್ತಾ ಇಡೀ ಆರ್ಕೆಸ್ಟ್ರಾ ಥಟ್ಟನೆ ತಗ್ಗುತ್ತದೆ, ಒಂದು ಪಿಟೀಲು ಮಾತ್ರ ಹಾಡುತ್ತಿರುತ್ತದೆ, ಆಮೇಲೆ ಎಲ್ಲರೂ ಒಟ್ಟಿಗೆ ಎದ್ದು ಬರುತ್ತಾರೆ. ಎಷ್ಟು ಸಲ ಕೇಳಿದರೂ ಮೈ ಜುಮ್ಮೆನ್ನುತ್ತದೆ.

ಮನೆಗೆ ಬಂದು ಹುಡುಕಿದರೆ ರಾಶಿ ರೆಕಾರ್ಡಿಂಗ್‌ಗಳಿವೆ, ಎಲ್ಲಿಂದ ಶುರು ಮಾಡಬೇಕೋ ತಿಳಿಯುತ್ತಿಲ್ಲ. ಕನ್ನಡದಲ್ಲಿ ಓದಲು ಏನೂ ಸಿಗಲಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಈ ಮನುಷ್ಯ ಯಾರು? ಎಲ್ಲಿ ಕಲಿತರು? ಪಿಯಾನೊ ಹೀಗೆ ನುಡಿಸುವುದು ಅವರಿಗೆ ಎಲ್ಲಿಂದ ಬಂತು? ಕಲಿಯುವವರಿಗೆ ಅವರ ಹಾಡು ಬೇಡ ಅಂತ ಯಾಕೆ ಹೇಳುತ್ತಾರೆ?

ಇನ್ನೊಂದು ವಿಷಯ. ಮೊನ್ನೆ ಕ್ಲಾಸಿನಲ್ಲಿ ಸ್ಪೀಕರ್ ಕೈಕೊಟ್ಟಾಗ ನಮ್ಮ ಟೀಚರ್ ‘ಪುಗ್ಲಿಯೇಸೆ, ಪುಗ್ಲಿಯೇಸೆ, ಪುಗ್ಲಿಯೇಸೆ’ ಅಂತ ಮೂರು ಸಲ ಹೇಳಿದರು. ಅದೇನು ಪದ್ಧತಿ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ, ಎಷ್ಟು ಉದ್ದವಾದರೂ ಓದುತ್ತೇನೆ.

ರಾಘು_ವಿಲ್ಸನ್‌ಗಾರ್ಡನ್

ಶ್ರುತಿ ಅವರೇ, ಇಂಥ ಪ್ರಶ್ನೆ ಇಲ್ಲಿ ಬಂದದ್ದು ನೋಡಿ ತುಂಬಾ ಖುಷಿಯಾಯಿತು. ನಾನು ಕುಣಿಯುವವನಲ್ಲ, ಕೇಳುವವನು. ಪುಗ್ಲಿಯೇಸೆ ಅಂದರೆ ನನಗೆ ಪ್ರಾಣ. ಉದ್ದವಾಗಿಯೇ ಬರೆಯುತ್ತೇನೆ.

ಹುಟ್ಟಿದ್ದು 1905ರ ಡಿಸೆಂಬರ್ 2ರಂದು, ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ, ವಿಯಾ ಕ್ರೆಸ್ಪೊ ಅನ್ನುವ ಬಡಾವಣೆಯಲ್ಲಿ. ಕೂಲಿ ಕೆಲಸದವರು, ವಲಸೆ ಬಂದವರು ಜಾಸ್ತಿ ಇದ್ದ ಜಾಗ ಅದು. ಅಪ್ಪ ಅಡಾಲ್ಫೊ ಚಪ್ಪಲಿ ಬೂಟು ತಯಾರಿಸುವ ಕಡೆ ಕೆಲಸ ಮಾಡುತ್ತಿದ್ದರು. ಬಿಡುವಿದ್ದಾಗ ಸಣ್ಣ ಟ್ಯಾಂಗೋ ತಂಡಗಳಲ್ಲಿ ಕೊಳಲು ನುಡಿಸುತ್ತಿದ್ದರು. ಅಣ್ಣತಮ್ಮಂದಿರು ಪಿಟೀಲು. ಒಸ್ವಾಲ್ಡೊ ಕೈಗೂ ಅಪ್ಪ ಮೊದಲು ಕೊಟ್ಟಿದ್ದು ಪಿಟೀಲನ್ನೇ. ಆಮೇಲೆ ಹುಡುಗ ಪಿಯಾನೊಗೆ ಬಂದ. ಶಾಸ್ತ್ರೀಯ ಪಾಠವೂ ಆಯಿತು. ವಿಸೆಂಟೆ ಸ್ಕಾರಮುತ್ಸಾ ಅನ್ನುವ ಗುರುಗಳ ಹತ್ತಿರ ಕಲಿತರು. ಮುಂದೆ ಜಗತ್ಪ್ರಸಿದ್ಧ ಪಿಯಾನೊ ವಾದಕಿ ಮಾರ್ತಾ ಆರ್ಗೆರಿಚ್‌ಗೆ ಪಿಯಾನೊ ಹೇಳಿಕೊಟ್ಟವರೂ ಅವರೇ. ಪುಗ್ಲಿಯೇಸೆ ಕೈಯ ತೂಕದ ಹಿಂದೆ ಆ ಪಾಠವೂ ಇದೆ ಅನ್ನುವುದನ್ನು ಮರೆಯಬಾರದು.

ಹದಿನೈದು ವಯಸ್ಸಿಗೆ ಬಡಾವಣೆಯ ಒಂದು ಕೆಫೆಯಲ್ಲಿ ನುಡಿಸಲು ಶುರು ಮಾಡಿದರು. ಮೂಕಿ ಸಿನಿಮಾ ಓಡುವಾಗ ಕೆಳಗೆ ಕೂತು ಪಿಯಾನೊ ನುಡಿಸುವ ಕೆಲಸವನ್ನೂ ಮಾಡಿದರು. ಆಮೇಲೆ ಪಾಕಿತಾ ಬೆರ್ನಾರ್ದೊ ತಂಡಕ್ಕೆ ಸೇರಿದರು. ಟ್ಯಾಂಗೋದ ಜೀವವಾದ್ಯ ಬ್ಯಾಂಡೋನಿಯನ್, ಕೈಯಲ್ಲಿ ಹಿಡಿದು ತಿದಿಯಂತೆ ಎಳೆದು ಒತ್ತುವ ವಾದ್ಯ. ಅದನ್ನು ವೃತ್ತಿಯಾಗಿ ನುಡಿಸಿದ ಮೊದಲ ಹೆಣ್ಣುಮಗಳು ಆಕೆ. 1925ರಲ್ಲಿ, ಇನ್ನೂ ಇಪ್ಪತ್ತೈದರ ಆಸುಪಾಸಿನಲ್ಲೇ ತೀರಿಕೊಂಡರು. ಆಕೆಯ ಒಂದು ರೆಕಾರ್ಡಿಂಗೂ ಉಳಿದಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಸುಮಾರು 1924ರಲ್ಲಿ, ಇನ್ನೂ ಹುಡುಗನಾಗಿದ್ದಾಗಲೇ, ‘ರೆಕುವೆರ್ದೊ’ ಅನ್ನುವ ಟ್ಯಾಂಗೋ ಬರೆದರು. ವಯಸ್ಸು ಸಾಲದ್ದರಿಂದ ಅದು ಅಪ್ಪನ ಹೆಸರಿನಲ್ಲಿ ದಾಖಲಾಯಿತು. 1926ರಲ್ಲಿ ಹೂಲಿಯೊ ದೆ ಕಾರೊ ಅವರ ಆರು ಜನರ ತಂಡ ಅದನ್ನು ರೆಕಾರ್ಡ್ ಮಾಡಿತು. ಅಷ್ಟುಹೊತ್ತಿಗೆ ಟ್ಯಾಂಗೋ ಅಂದರೆ ಕುಣಿಯಲು ಬೇಕಾದ ಸಂಗೀತ ಅಷ್ಟೇ ಅಂತ ಬಹಳ ಜನ ತಿಳಿದಿದ್ದರು. ಕೂತು ಕೇಳುವ ಸಂಗೀತವೂ ಆಗಬಹುದು ಅಂತ ತೋರಿಸಿದವರು ದೆ ಕಾರೊ. ಎರಡು ಬ್ಯಾಂಡೋನಿಯನ್, ಎರಡು ಪಿಟೀಲು, ಪಿಯಾನೊ, ಡಬಲ್ ಬಾಸ್. ಒಬ್ಬೊಬ್ಬರಿಗೂ ಬೇರೆ ಬೇರೆ ಸಾಲು. ಪುಗ್ಲಿಯೇಸೆ ಬದುಕಿಡೀ ತಮ್ಮನ್ನು ದೆ ಕಾರೊ ದಾರಿಯವನು ಅಂತಲೇ ಗುರುತಿಸಿಕೊಂಡರು.

1929ರಲ್ಲಿ ಪಿಟೀಲಿನ ಎಲ್ವಿನೊ ವಾರ್ದಾರೊ ಜೊತೆ ಸೇರಿ ಸ್ವಂತ ತಂಡ ಕಟ್ಟಿದರು. ಊರೂರು ಸುತ್ತಿದರು. ದುಡ್ಡಿನ ಲೆಕ್ಕದಲ್ಲಿ ಅದು ಸೋತಿತು, ತಂಡ ಒಡೆಯಿತು. ಮೂವತ್ತರ ದಶಕ ಪೂರ್ತಿ ಅವರಿವರ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಾ ಕಳೆಯಿತು. ಕೊನೆಗೆ 1939ರ ಆಗಸ್ಟ್ 11ರಂದು ಕೊರಿಯೆಂತೆಸ್ ಬೀದಿಯ ಕೆಫೆ ನಾಸಿಯೊನಾಲ್‌ನಲ್ಲಿ ಅವರದೇ ಆರ್ಕೆಸ್ಟ್ರಾ ಮೊದಲ ಕಛೇರಿ ಕೊಟ್ಟಿತು. (ಅದೇ 1939ರಲ್ಲಿ ನಮ್ಮ ಚಾಮರಾಜಪೇಟೆಯಲ್ಲಿ ರಾಮಸೇವಾ ಮಂಡಳಿ ಶುರುವಾಯಿತು. ಎರಡಕ್ಕೂ ಸಂಬಂಧವಿಲ್ಲ, ಆದರೂ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗಳನ್ನು ಕೇಳಿ ಬೆಳೆದ ನನಗೆ ಈ ವರ್ಷ ಮರೆಯುವುದೇ ಇಲ್ಲ.) ಮೊದಲ ರೆಕಾರ್ಡಿಂಗ್ ಬಂದದ್ದು 1943ರಲ್ಲಿ, ‘ಫರೋಲ್’. ಗಾಯಕ ರೊಬೆರ್ತೊ ಚಾನೆಲ್. ‘ಲಾ ಯುಂಬಾ’ ರೆಕಾರ್ಡ್ ಆದದ್ದು 1946ರಲ್ಲಿ, ‘ನೆಗ್ರಾಚಾ’ 1948ರಲ್ಲಿ, ‘ಮಲಾಂದ್ರಾಕಾ’ 1949ರಲ್ಲಿ. ಮೂರೂ ಅವರದೇ ರಚನೆ.

ಆ ಮುಂದಿನದು ದೊಡ್ಡ ಕಥೆ. ಜೈಲು, ರೇಡಿಯೋದಲ್ಲಿ ನಿಷೇಧ, ಜಪಾನ್ ಪ್ರವಾಸ, 1985ರಲ್ಲಿ ಟಿಯಾತ್ರೊ ಕೊಲೊನ್ ಒಪೆರಾ ಮಂದಿರದಲ್ಲಿ ಕಛೇರಿ. ಅದನ್ನು ಬೇರೆಯವರೂ ಬರೆಯಲಿ. 1995ರ ಜುಲೈ 25ರಂದು ತೀರಿಕೊಂಡರು, ಎಂಬತ್ತೊಂಬತ್ತು ವರ್ಷ. ಈಗ ಬ್ಯೂನಸ್ ಐರಿಸ್ ಸುರಂಗ ರೈಲಿನ ಬಿ ಲೈನಿನಲ್ಲಿ, ಅವರು ಹುಟ್ಟಿ ಬೆಳೆದ ಬಡಾವಣೆಯಲ್ಲೇ, ಒಂದು ನಿಲ್ದಾಣಕ್ಕೆ ಮಲಾಬಿಯಾ–ಒಸ್ವಾಲ್ಡೊ ಪುಗ್ಲಿಯೇಸೆ ಅಂತ ಹೆಸರಿದೆ.

ಶ್ರುತಿ_ಹನುಮಂತನಗರ

ರಾಘು ಸರ್, ತುಂಬಾ ತುಂಬಾ ಥ್ಯಾಂಕ್ಸ್! ಅಪ್ಪನಿಗೂ ಓದಿ ಹೇಳಿದೆ. ಜೈಲು ಅಂದಿರಲ್ಲ, ಪಿಯಾನೊ ನುಡಿಸುವವರಿಗೆ ಜೈಲು ಯಾಕೆ? ಇನ್ನು ಆ ಎಡಗೈ ಬಗ್ಗೆ ಯಾರಾದರೂ ಹೇಳಿ. ನಾನು ‘ಲಾ ಯುಂಬಾ’ಗೆ ಆದಿತಾಳ ಹಾಕಲು ನೋಡಿದೆ. ಮೊದಲು ಸರಿಯಾಗಿ ಕೂರುತ್ತದೆ, ನಡುವೆ ಎಲ್ಲೋ ಜಾರಿಹೋಗುತ್ತದೆ.

ಪಿಯಾನೊ_ಮೇಷ್ಟ್ರು_ಕುಕ್‌ಟೌನ್

ಶ್ರುತಿ, ಜಾರುವುದು ನಿಮ್ಮ ತಾಳವಲ್ಲ, ಅವರೇ ಎಳೆಯುತ್ತಿರುವುದು. ಅಲ್ಲೇ ಇರುವುದು ಪುಗ್ಲಿಯೇಸೆ ಗುಟ್ಟು. ಪಿಯಾನೊ ಪಾಠ ಹೇಳುವವನಾಗಿ ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಟ್ಯಾಂಗೋ ಆರ್ಕೆಸ್ಟ್ರಾದಲ್ಲಿ ಡ್ರಮ್ ಇರುವುದಿಲ್ಲ. ಲಯ ಹಿಡಿಯುವವರು ಪಿಯಾನೊ ಮತ್ತು ಡಬಲ್ ಬಾಸ್, ಜೊತೆಗೆ ಬ್ಯಾಂಡೋನಿಯನ್ ಸಾಲು. ನಾಲ್ಕು ಎಣಿಕೆಯ ಲಯ. ದಾರಿಯೆನ್ಸೊ ಆರ್ಕೆಸ್ಟ್ರಾ ಕೇಳಿ, ನಾಲ್ಕೂ ಪೆಟ್ಟು ಚುರುಕಾಗಿ, ಸಮವಾಗಿ ಬೀಳುತ್ತವೆ. ಪುಗ್ಲಿಯೇಸೆಯಲ್ಲಿ ಹಾಗಲ್ಲ. ಒಂದು ಮತ್ತು ಮೂರನೇ ಪೆಟ್ಟಿನ ಮೇಲೆ ಇಡೀ ಆರ್ಕೆಸ್ಟ್ರಾ ತನ್ನ ಭಾರ ಹಾಕುತ್ತದೆ. ಎರಡು ಮತ್ತು ನಾಲ್ಕರಲ್ಲಿ ಪಿಯಾನೊದ ತೀರಾ ಕೆಳಗಿನ ಸ್ವರಗಳು ಮಾತ್ರ ಮೆತ್ತಗೆ ಗುಂಯ್ ಅನ್ನುತ್ತವೆ. ನಿಮ್ಮನ್ನು ಹಿಡಿದಿರುವುದು ಅದೇ ಸದ್ದು. ಆ ಭಾರ ಮತ್ತು ಆ ಗುಂಯ್ ಎರಡೂ ಸೇರಿದರೆ ಬಾಯಲ್ಲಿ ‘ಯುಂ-ಬಾ’ ಅಂತ ಬರುತ್ತದೆ, ರಚನೆಯ ಹೆಸರು ಬಂದದ್ದು ಅಲ್ಲಿಂದ.

ಇನ್ನೊಂದು ಅಂಶ ಎಳೆತ. ಒಂದನೇ ಪೆಟ್ಟು ಬೀಳುವ ಸ್ವಲ್ಪ ಮುಂಚೆಯೇ ಬಾಸ್, ಪಿಟೀಲು, ಬ್ಯಾಂಡೋನಿಯನ್ ಎಲ್ಲವೂ ಕೆಳಗಿನಿಂದ ಜಾರಿಕೊಂಡು ಬಂದು ಪೆಟ್ಟಿನ ಮೇಲೆ ಕೂರುತ್ತವೆ. ಸ್ಪ್ಯಾನಿಷ್‌ನಲ್ಲಿ ಇದನ್ನು ಅರಾಸ್ತ್ರೆ ಅನ್ನುತ್ತಾರೆ. ತೇರು ಎಳೆಯುವಾಗ ಹಗ್ಗ ಹಿಡಿದವರೆಲ್ಲ ಉಸಿರು ಕಟ್ಟಿ ಹಿಂದಕ್ಕೆ ವಾಲಿ ಆಮೇಲೆ ಒಟ್ಟಿಗೆ ಜಗ್ಗುತ್ತಾರಲ್ಲ, ಆ ಜಗ್ಗುವ ಮುಂಚಿನ ಕ್ಷಣವನ್ನು ಇವರು ಸಂಗೀತದಲ್ಲಿ ಹಿಡಿದಿದ್ದಾರೆ. ಬರೀ ಜೋರಾಗಿ ನುಡಿಸಿದರೆ ಇದು ಬರುವುದಿಲ್ಲ. ನನ್ನ ವಿದ್ಯಾರ್ಥಿಗಳು ಕೆಲವರು ಎಡಗೈಯನ್ನು ಸುಮ್ನೆ ಗುದ್ದುತ್ತಾರೆ, ಅದು ಗದ್ದಲವಾಗುತ್ತದೆ ಅಷ್ಟೇ. ಪೆಟ್ಟು ಎಷ್ಟು ಮುಖ್ಯವೋ ಪೆಟ್ಟಿಗೆ ಮುಂಚಿನ ತಡೆಯೂ ಅಷ್ಟೇ ಮುಖ್ಯ.

ಇನ್ನು ನಿಮ್ಮ ಆದಿತಾಳದ ಪ್ರಶ್ನೆ. ನಮ್ಮಲ್ಲಿ ಕಾಲಪ್ರಮಾಣ ಅಲುಗಾಡದಿರುವುದೇ ದೊಡ್ಡ ಗುಣ. ಪುಗ್ಲಿಯೇಸೆ ಬೇಕೆಂದೇ ಅದನ್ನು ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ. ಒಂದು ಸಾಲಿನ ಕೊನೆಯಲ್ಲಿ ನಿಧಾನಿಸಿ, ಮುಂದಿನ ಸಾಲನ್ನು ತಳ್ಳಿಕೊಂಡು ಹೋಗುತ್ತಾರೆ. ಒಬ್ಬರೇ ಪಿಯಾನೊ ನುಡಿಸುವಾಗ ಇದು ಕಷ್ಟವಲ್ಲ. ಆದರೆ ನಾಲ್ಕು ಬ್ಯಾಂಡೋನಿಯನ್, ನಾಲ್ಕು ಪಿಟೀಲು, ಬಾಸ್, ಪಿಯಾನೊ ಇಷ್ಟೂ ಒಂದೇ ಅಳತೆಯಲ್ಲಿ ಹಿಗ್ಗಬೇಕು, ಅದೂ ಮುಂದೆ ನಿಂತು ಕೋಲು ಆಡಿಸುವವರು ಇಲ್ಲದೆ. ಪುಗ್ಲಿಯೇಸೆ ಪಿಯಾನೊ ಮುಂದೆ ಕೂತು ತಲೆಯಾಡಿಸಿ, ಕಣ್ಣಲ್ಲೇ ಹೇಳುತ್ತಿದ್ದರು. ಹಳೆಯ ವಿಡಿಯೋಗಳಲ್ಲಿ ದಪ್ಪ ಕನ್ನಡಕದ ಆ ಮುಖವನ್ನೇ ನೋಡಿ.

ಅವರ ಬಲಗೈ ಬಗ್ಗೆಯೂ ಒಂದು ಮಾತು. ಪಿಯಾನೊ ವಾದಕರು ಸ್ವಂತ ಆರ್ಕೆಸ್ಟ್ರಾ ಕಟ್ಟಿದರೆ ತಾವು ಮಿಂಚಲು ಜಾಗ ಮಾಡಿಕೊಳ್ಳುವುದು ಸಹಜ. ಇವರು ಹಾಗೆ ಮಾಡಲಿಲ್ಲ. ಅವರ ಒಂಟಿ ಸಾಲುಗಳು ಚಿಕ್ಕವು, ಎರಡು ವಾಕ್ಯದ ನಡುವೆ ಸೇರಿಸಿದ ನಾಲ್ಕಾರು ಸ್ವರಗಳು. ಸ್ವರಗಳ ನಡುವೆ ಗಾಳಿಯಾಡಲು ಜಾಗ ಇರುತ್ತದೆ. ಗ್ರೇಡ್ ಪರೀಕ್ಷೆಗೆ ಓಡೋಡಿ ನುಡಿಸುವ ಮಕ್ಕಳಿಗೆ ನಾನು ಅದನ್ನೇ ಕೇಳಿಸುತ್ತೇನೆ.

ದೂರವಾಣಿನಗರ_ಹಿರಿಯ

ಶ್ರುತಿ ಮಗಳೇ, ಜೈಲಿನ ಪ್ರಶ್ನೆಗೆ ನಾನು ಉತ್ತರ ಹೇಳುತ್ತೇನೆ. ನಾನು ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು, ಯೂನಿಯನ್ ಕೆಲಸವನ್ನೂ ಮಾಡಿದವನು. ಸಂಗೀತದ ಲೆಕ್ಕ ನನಗೆ ಮೇಷ್ಟ್ರಷ್ಟು ಗೊತ್ತಿಲ್ಲ. ಈ ಮನುಷ್ಯನ ಹತ್ತಿರ ನಾನು ಬಂದದ್ದು ಇನ್ನೊಂದು ದಾರಿಯಿಂದ.

ಪುಗ್ಲಿಯೇಸೆ 1935ರಲ್ಲಿ ಸಂಗೀತಗಾರರ ಯೂನಿಯನ್ ಕಟ್ಟಲು ಓಡಾಡಿದವರು. 1936ರಲ್ಲಿ ಕಮ್ಯುನಿಸ್ಟ್ ಪಕ್ಷ ಸೇರಿದರು, ಕೊನೆಯವರೆಗೂ ಅದನ್ನು ಬಚ್ಚಿಡಲಿಲ್ಲ. ಅರ್ಜೆಂಟೀನಾದಲ್ಲಿ ಸರ್ಕಾರಗಳು ಬದಲಾಗುತ್ತಲೇ ಇದ್ದವು, ಅಧ್ಯಕ್ಷ ಪೆರೋನ್ ಕಾಲದಲ್ಲೂ ಇವರನ್ನು ಹಿಡಿದು ಒಳಗೆ ಹಾಕಿದರು, ಪೆರೋನ್‌ರನ್ನು ಇಳಿಸಿ ಬಂದವರೂ ಹಾಕಿದರು. ರೇಡಿಯೋದಲ್ಲಿ ಅವರ ಆರ್ಕೆಸ್ಟ್ರಾ ಬರದಂತೆ ಮತ್ತೆ ಮತ್ತೆ ತಡೆದರು. ಆಗಿನ ಕಾಲದಲ್ಲಿ ರೇಡಿಯೋ ಇಲ್ಲ ಅಂದರೆ ಆರ್ಕೆಸ್ಟ್ರಾದ ಅರ್ಧ ಅನ್ನ ಹೋದಂತೆ.

ಆದರೂ ತಂಡ ಒಡೆಯಲಿಲ್ಲ. ಯಾಕೆ ಅಂತ ಕೇಳಿದರೆ ಅದರ ಕಟ್ಟಡವೇ ಬೇರೆ ಇತ್ತು. ಅದು ಒಬ್ಬ ಯಜಮಾನನ ಆರ್ಕೆಸ್ಟ್ರಾ ಆಗಿರಲಿಲ್ಲ, ಸಹಕಾರಿ ತಂಡ. ಬಂದ ದುಡ್ಡನ್ನು ಪಾಯಿಂಟ್ ಲೆಕ್ಕದಲ್ಲಿ ಹಂಚಿಕೊಳ್ಳುತ್ತಿದ್ದರು. ಯಾರು ಎಷ್ಟು ಕಾಲದಿಂದ ಇದ್ದಾರೆ, ಯಾರು ಹಾಡನ್ನು ಆರ್ಕೆಸ್ಟ್ರಾಗೆ ಹೊಂದಿಸಿ ಬರೆದರು, ಯಾರು ಏನು ಹೊಣೆ ಹೊತ್ತರು ಅನ್ನುವುದರ ಮೇಲೆ ಪಾಯಿಂಟ್. ಪುಗ್ಲಿಯೇಸೆಯೂ ಅದೇ ಲೆಕ್ಕದಲ್ಲಿ ತಮ್ಮ ಪಾಲು ತೆಗೆದುಕೊಳ್ಳುತ್ತಿದ್ದರು. ಬೋರ್ಡಿನ ಮೇಲೆ ಅವರ ಹೆಸರು ಇದ್ದುದು ನಿಜ. ಆದರೆ ಸಂಗೀತ ಬರೆಯುವ ಕೆಲಸ ಅವರೊಬ್ಬರದೇ ಆಗಿರಲಿಲ್ಲ. ಬ್ಯಾಂಡೋನಿಯನ್‌ನ ಒಸ್ವಾಲ್ಡೊ ರುಜ್ಜಿಯೆರೊ, ಪಿಟೀಲಿನ ಎಮಿಲಿಯೊ ಬಾಲ್ಕಾರ್ಸೆ, ಆಸ್ಕರ್ ಹೆರೆರೊ, ಬ್ಯಾಂಡೋನಿಯನ್‌ನ ಮಾರಿಯೊ ದೆಮಾರ್ಕೊ, ಹೂಲಿಯಾನ್ ಪ್ಲಾಸಾ ಇವರೆಲ್ಲ ತಂಡಕ್ಕಾಗಿ ಬರೆದರು. ‘ನೊಚೆರೊ ಸೊಯ್’ ಹೆರೆರೊ ರಚನೆ, ‘ಪಾತಾ ಆಂಚಾ’ ದೆಮಾರ್ಕೊ ರಚನೆ, ‘ಲಾ ಬೊರ್ದೊನಾ’ ಬಾಲ್ಕಾರ್ಸೆ ರಚನೆ.

ಪುಗ್ಲಿಯೇಸೆ ಜೈಲಿನಲ್ಲಿದ್ದಾಗಲೂ ಆರ್ಕೆಸ್ಟ್ರಾ ಕಛೇರಿ ನಿಲ್ಲಿಸಲಿಲ್ಲ. ಪಿಯಾನೊ ಮೇಲೆ ಒಂದು ಕೆಂಪು ಕಾರ್ನೇಶನ್ ಹೂ ಇಡುತ್ತಿದ್ದರು, ಉಳಿದವರು ನುಡಿಸುತ್ತಿದ್ದರು. ಬಂದ ಜನಕ್ಕೆ ವಿಷಯ ತಿಳಿಯುತ್ತಿತ್ತು. ಯಾರೂ ಭಾಷಣ ಮಾಡಬೇಕಾಗಿರಲಿಲ್ಲ.

ಮೇಷ್ಟ್ರು ಹೇಳಿದರಲ್ಲ, ಇಷ್ಟು ಜನ ಒಂದೇ ಅಳತೆಯಲ್ಲಿ ಹಿಗ್ಗಬೇಕು ಅಂತ. ಅದಕ್ಕೆ ಅದೇ ಜನ ವರ್ಷಗಟ್ಟಲೆ ಒಟ್ಟಿಗೆ ಕೂತು ಅಭ್ಯಾಸ ಮಾಡಿರಬೇಕು. ರುಜ್ಜಿಯೆರೊ 1939ರಲ್ಲಿ ಸೇರಿದವರು 1968ರವರೆಗೆ ಇದ್ದರು. ಬೇರೆ ಕಡೆ ಹೆಚ್ಚು ಸಂಬಳ ಸಿಕ್ಕರೆ ಸಂಗೀತಗಾರರು ಹೊರಟುಹೋಗುವ ಕಾಲ ಅದು. ಇಲ್ಲಿ ಉಳಿದರು, ಯಾಕೆಂದರೆ ಆರ್ಕೆಸ್ಟ್ರಾ ಅವರದೇ. ನನ್ನ ದೃಷ್ಟಿಯಲ್ಲಿ ಆ ಪಾಯಿಂಟ್ ಲೆಕ್ಕ ಇಲ್ಲದಿದ್ದರೆ ಆ ಎಳೆತವೂ ಇರುತ್ತಿರಲಿಲ್ಲ. ಅವರ ರಾಜಕೀಯವನ್ನು ಒಪ್ಪದವರೂ ಇದನ್ನು ಗಮನಿಸಬೇಕು.

ಪಿಯಾನೊ_ಮೇಷ್ಟ್ರು_ಕುಕ್‌ಟೌನ್

ಹಿರಿಯರೇ, ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ. ಈ ದಿಕ್ಕಿನಿಂದ ನಾನು ಯೋಚಿಸಿರಲಿಲ್ಲ. ಒಂದೇ ಒಂದು ಸೇರಿಸುತ್ತೇನೆ. 1968ರಲ್ಲಿ ರುಜ್ಜಿಯೆರೊ, ಬಾಲ್ಕಾರ್ಸೆ, ಪ್ಲಾಸಾ, ಹೆರೆರೊ, ವಿಕ್ಟರ್ ಲಾವಾಯೆನ್ ಮುಂತಾದವರು ಹೊರಬಂದು ಸೆಕ್ಸ್ತೆತೊ ಟ್ಯಾಂಗೋ ಅಂತ ಬೇರೆ ತಂಡ ಮಾಡಿಕೊಂಡರು. ಆಗ ಪುಗ್ಲಿಯೇಸೆಗೆ ಅರವತ್ತು ದಾಟಿತ್ತು. ಟ್ಯಾಂಗೋಗೆ ಜನರೂ ಕಡಿಮೆಯಾಗಿದ್ದ ಕಾಲ, ಹುಡುಗರೆಲ್ಲ ರಾಕ್ ಕೇಳುತ್ತಿದ್ದರು. ಬೇರೆ ಯಾರಾದರೂ ಆಗಿದ್ದರೆ ಬಾಗಿಲು ಹಾಕುತ್ತಿದ್ದರು. ಇವರು ಯುವಕರನ್ನು ಕರೆದು ಮತ್ತೆ ಕಟ್ಟಿದರು. ರೊಡಾಲ್ಫೊ ಮೆದೆರೊಸ್, ದಾನಿಯೆಲ್ ಬಿನೆಲ್ಲಿ, ಹುವಾನ್ ಹೊಸೆ ಮೊಸಾಲಿನಿ ಬಂದದ್ದು ಆಗ. ಮೂವರೂ ಮುಂದೆ ಬ್ಯಾಂಡೋನಿಯನ್‌ನಲ್ಲಿ ದೊಡ್ಡ ಹೆಸರು. 1969ರ ‘ಆ ಎವಾರಿಸ್ತೊ ಕಾರಿಯೆಗೊ’ ಕೇಳಿ, ಎದುವಾರ್ದೊ ರೊವಿರಾ ರಚನೆ. ಆರ್ಕೆಸ್ಟ್ರಾ ಹೊಸದು ಅಂತ ಅನ್ನಿಸುವುದೇ ಇಲ್ಲ.

ಮಲ್ಲೇಶ್ವರಂ_ಕಿರಣ್

ಎಲ್ಲ ಸರಿ, ಆದರೆ ಸಂಗೀತದ ದೃಷ್ಟಿಯಿಂದ ಟ್ಯಾಂಗೋವನ್ನು ಮುಂದಕ್ಕೆ ಒಯ್ದವರು ಬ್ಯಾಂಡೋನಿಯನ್ ವಾದಕ, ರಚನಕಾರ ಆಸ್ತರ್ ಪಿಯಾಸೊಲ್ಲಾ ಅಲ್ವಾ? ಪುಗ್ಲಿಯೇಸೆ ಹಳೆಯ ಶೈಲಿಯವರು ಅಂತ ನನ್ನ ಅಭಿಪ್ರಾಯ. ನಾನು ಇಬ್ಬರನ್ನೂ ಕೇಳಿದ್ದೇನೆ. ಪಿಯಾಸೊಲ್ಲಾದಲ್ಲಿ ಇರುವಷ್ಟು ಹೊಸತನ ಇಲ್ಲಿ ಕಾಣುವುದಿಲ್ಲ.

ರಾಘು_ವಿಲ್ಸನ್‌ಗಾರ್ಡನ್

ಕಿರಣ್, ಪಿಯಾಸೊಲ್ಲಾ ನನಗೂ ತುಂಬಾ ಇಷ್ಟ. ಆದರೆ ‘ಹಳೆಯ ಶೈಲಿ’ ಅನ್ನುವುದನ್ನು ಒಪ್ಪಲಾರೆ. ‘ನೆಗ್ರಾಚಾ’ವನ್ನು ಮತ್ತೊಮ್ಮೆ ಕೇಳಿ. ರೆಕಾರ್ಡ್ ಆದದ್ದು 1948ರಲ್ಲಿ. ಪಿಯಾಸೊಲ್ಲಾ ತಮ್ಮ ಎಂಟು ಜನರ ತಂಡ ಕಟ್ಟಿದ್ದು 1955ರಲ್ಲಿ. ಒಂದಕ್ಕೊಂದು ತಿಕ್ಕಾಡುವ ಲಯಗಳು, ಒಂದೇ ತುಣುಕನ್ನು ಬಿಡದೆ ಮತ್ತೆ ಮತ್ತೆ ಬಡಿಯುವುದು, ಎಲ್ಲವೂ ಅಲ್ಲಿ ಆಗಲೇ ಇವೆ. ಮುಂದೆ ಬಂದ ಹೊಸ ಟ್ಯಾಂಗೋದ ಬೀಜ ಅದರಲ್ಲಿದೆ ಅಂತ ಟ್ಯಾಂಗೋ ಬಲ್ಲ ಹಲವರು ಹೇಳುತ್ತಾರೆ. ವ್ಯತ್ಯಾಸ ಒಂದೇ. ಪಿಯಾಸೊಲ್ಲಾ ಕುಣಿಯುವವರನ್ನು ಬಿಟ್ಟು ಮುಂದೆ ಹೋದರು. ಪುಗ್ಲಿಯೇಸೆ ಕುಣಿಯುವವರನ್ನು ಜೊತೆಯಲ್ಲೇ ಕರೆದುಕೊಂಡು ಹೋದರು. ಎರಡನೆಯದು ಇನ್ನೂ ಕಷ್ಟ ಅಂತ ನಾನು ನಂಬುತ್ತೇನೆ.

ಇಬ್ಬರ ನಡುವೆ ಜಗಳವೂ ಇರಲಿಲ್ಲ. ಪಿಯಾಸೊಲ್ಲಾ ರಚನೆಗಳನ್ನು ಪುಗ್ಲಿಯೇಸೆ ತಮ್ಮ ಆರ್ಕೆಸ್ಟ್ರಾದಲ್ಲಿ ನುಡಿಸಿದ್ದಾರೆ. 1989ರಲ್ಲಿ ಆಮ್ಸ್ಟರ್‌ಡ್ಯಾಮ್‌ನಲ್ಲಿ ಇಬ್ಬರ ತಂಡಗಳೂ ಒಂದೇ ವೇದಿಕೆ ಹತ್ತಿದವು. ಕೊನೆಗೆ ಒಟ್ಟಿಗೆ ‘ಲಾ ಯುಂಬಾ’ ಮತ್ತು ‘ಅದಿಯೋಸ್ ನೊನಿನೊ’ ನುಡಿಸಿದರು. ಒಂದು ಅವರದು, ಒಂದು ಇವರದು. ರೆಕಾರ್ಡಿಂಗ್ ಸಿಗುತ್ತದೆ, ದಯವಿಟ್ಟು ಕೇಳಿ. ಆಗ ಪುಗ್ಲಿಯೇಸೆಗೆ ಎಂಬತ್ತಮೂರು ವರ್ಷ.

ಟಿಯಾತ್ರೊ ಕೊಲೊನ್ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅದು 1908ರಲ್ಲಿ ತೆರೆದ ಒಪೆರಾ ಮಂದಿರ, ಬ್ಯೂನಸ್ ಐರಿಸ್‌ನ ಅತಿ ದೊಡ್ಡ ವೇದಿಕೆ. ಬಡಾವಣೆಯ ಕ್ಲಬ್ಬುಗಳಲ್ಲಿ, ಕೆಫೆಗಳಲ್ಲಿ ಪುಗ್ಲಿಯೇಸೆ ನುಡಿಸುವಾಗ ಜನ ‘ಕೊಲೊನ್‌ಗೆ! ಕೊಲೊನ್‌ಗೆ!’ ಅಂತ ಕೂಗುತ್ತಿದ್ದರು. ಬಹಳ ವರ್ಷ ಅದು ಬರೀ ಕೂಗಾಗಿಯೇ ಉಳಿದಿತ್ತು. ಮಿಲಿಟರಿ ಆಡಳಿತ ಹೋಗಿ ಜನರ ಸರ್ಕಾರ ಬಂದಮೇಲೆ, 1985ರ ಡಿಸೆಂಬರ್ 26ರಂದು, ಎಂಬತ್ತು ತುಂಬಿದ ತಿಂಗಳಿನಲ್ಲಿ, ನಿಜವಾಗಿಯೂ ಕೊಲೊನ್‌ನಲ್ಲಿ ನುಡಿಸಿದರು. ಆ ಕಛೇರಿಯ ವಿಡಿಯೋ ನೋಡಿ. ಹಳೆಯ ತಂಡದವರೂ ಬಂದು ಜೊತೆಗೆ ಕೂತಿದ್ದಾರೆ. ಬಿಟ್ಟುಹೋದವರನ್ನು ಮತ್ತೆ ಪಕ್ಕದಲ್ಲಿ ಕೂರಿಸಿಕೊಳ್ಳುವ ಗುಣ ಎಷ್ಟು ಜನರಿಗೆ ಇರುತ್ತದೆ ಹೇಳಿ.

ನಡಿಗೆ_ಕೋರಮಂಗಲ

ನಾನು ಕುಣಿಯುವವಳು. ಶ್ರುತಿ, ಉಳಿದ ಎರಡು ಪ್ರಶ್ನೆಗೆ ನನ್ನ ಉತ್ತರ.

ಮಿಲೊಂಗಾಗಳಲ್ಲಿ, ಅಂದರೆ ಟ್ಯಾಂಗೋ ಕುಣಿಯುವ ಸಂಜೆಗಳಲ್ಲಿ, ಹಾಡುಗಳನ್ನು ಮೂರು ನಾಲ್ಕರ ಗುಂಪಾಗಿ ಹಾಕುತ್ತಾರೆ. ಅದು ತಾಂದಾ. ಒಂದು ತಾಂದಾದಲ್ಲಿ ಸಾಮಾನ್ಯವಾಗಿ ಒಂದೇ ಆರ್ಕೆಸ್ಟ್ರಾ. ಮಧ್ಯೆ ಬೇರೆ ಯಾವುದೋ ಚಿಕ್ಕ ಸಂಗೀತ ಬಂದರೆ ಜೋಡಿ ಬದಲಿಸಬೇಕು ಅಂತ ಅರ್ಥ. ಪುಗ್ಲಿಯೇಸೆ ತಾಂದಾವನ್ನು ಹೆಚ್ಚಿನ ಕಡೆ ತಡರಾತ್ರಿಗೆ ಇಟ್ಟಿರುತ್ತಾರೆ. ಅಷ್ಟುಹೊತ್ತಿಗೆ ಮೈ ಪಳಗಿರುತ್ತದೆ, ನೆಲದ ಮೇಲೆ ಜನ ಕಡಿಮೆಯಾಗಿರುತ್ತಾರೆ, ಯಾರ ಜೊತೆ ಕುಣಿಯಬೇಕು ಅಂತಲೂ ಗೊತ್ತಾಗಿರುತ್ತದೆ.

ಕಲಿಯುವವರಿಗೆ ಬೇಡ ಅನ್ನುವುದಕ್ಕೆ ಕಾರಣ ಮೇಷ್ಟ್ರು ಹೇಳಿದ ಆ ಹಿಗ್ಗುವ ಲಯ. ಹೆಜ್ಜೆಯನ್ನು ಎಣಿಸಿ ಹಾಕುವವರು ಅಲ್ಲಿ ಕಳೆದುಹೋಗುತ್ತಾರೆ. ನೆಲಕ್ಕೆ ಕಾಲು ತಾಗುವ ಮುಂಚೆ ಕಾಯಬೇಕು, ಎಷ್ಟು ಕಾಯಬೇಕು ಅನ್ನುವುದನ್ನು ಜೊತೆಗಾರರ ಎದೆಯ ಉಸಿರಿನಿಂದ ತಿಳಿಯಬೇಕು. ಆದರೆ ಹೊಸಬರು ಕುಣಿಯಲೇಬಾರದು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಸಮಸ್ಯೆ ಏನೆಂದರೆ, ಪುಗ್ಲಿಯೇಸೆ ಬಂತು ಅಂದ ಕೂಡಲೇ ಕೆಲವರು ಕಾಲು ಎತ್ತಿ ಒದೆಯುವುದು, ದೊಡ್ಡ ದೊಡ್ಡ ಭಂಗಿ ಹಾಕುವುದು ಶುರು ಮಾಡುತ್ತಾರೆ. ವೇದಿಕೆ ಪ್ರದರ್ಶನಗಳಲ್ಲಿ ಹಾಗೆ ನೋಡಿರುತ್ತಾರೆ. ನಮ್ಮ ಊರಿನಲ್ಲೂ ಇದು ಜಾಸ್ತಿ. ನೀವು ಸುಮ್ಮನೆ ನಡೆಯಿರಿ. ಒಂದು, ಮೂರು ಪೆಟ್ಟಿಗೆ ಮಾತ್ರ ಹೆಜ್ಜೆ. ಪಿಟೀಲು ಒಂಟಿಯಾಗಿ ಹಾಡುವಾಗ ನಿಂತುಬಿಡಿ, ನಿಲ್ಲುವುದೂ ಕುಣಿತವೇ. ನಲವತ್ತರ ದಶಕದ ಹಾಡುಗಳಲ್ಲಿ ಲಯ ಇನ್ನೂ ನೇರ, ಅದರಿಂದ ಶುರು ಮಾಡಿದರೆ ಹೊಸಬರಿಗೂ ಆಗುತ್ತದೆ.

ಇನ್ನು ಮೂರು ಸಲ ಹೆಸರು ಹೇಳುವುದು. ಅರ್ಜೆಂಟೀನಾದ ಸಂಗೀತಗಾರರಲ್ಲಿ ಅದು ಬಹಳ ದೊಡ್ಡ ನಂಬಿಕೆ. ಪುಗ್ಲಿಯೇಸೆ ಹೆಸರು ಹೇಳಿದರೆ ಅಪಶಕುನ ತೊಲಗುತ್ತದೆ, ಮೈಕು ಸ್ಪೀಕರ್ ಕೆಡುವುದಿಲ್ಲ, ಕಛೇರಿ ಚೆನ್ನಾಗಿ ನಡೆಯುತ್ತದೆ ಅಂತ. ಟ್ಯಾಂಗೋದವರು ಮಾತ್ರ ಅಲ್ಲ, ರಾಕ್ ಬ್ಯಾಂಡಿನವರೂ ನಾಟಕದವರೂ ಹೇಳುತ್ತಾರೆ. ‘ಸಂತ ಪುಗ್ಲಿಯೇಸೆ’ ಅಂತ ಚಿತ್ರ ಮಾಡಿ, ಎದೆಗೆ ಕೆಂಪು ಕಾರ್ನೇಶನ್ ಸಿಕ್ಕಿಸಿ, ಕೆಳಗೆ ಪ್ರಾರ್ಥನೆ ಬರೆದ ಚಿಕ್ಕ ಕಾರ್ಡುಗಳಿವೆ. ವಾದ್ಯದ ಪೆಟ್ಟಿಗೆಯೊಳಗೆ ಇಟ್ಟುಕೊಳ್ಳುತ್ತಾರೆ. ತಮ್ಮ ಜೊತೆಯವರನ್ನು ಯಾವತ್ತೂ ಕೈಬಿಡದ ಮನುಷ್ಯ ಅನ್ನುವ ಪ್ರೀತಿ ಅದರ ಹಿಂದೆ ಇದೆ. ನಿಮ್ಮ ಟೀಚರ್ ಅಲ್ಲಿಂದಲೇ ಕಲಿತಿರಬೇಕು. ನಾವೂ ಇಲ್ಲಿ ಹೇಳುತ್ತೇವೆ, ಕರೆಂಟು ಹೋಗುವ ಸಂಜೆಗಳಲ್ಲಂತೂ ತಪ್ಪದೆ.

ಶ್ರುತಿ_ಹನುಮಂತನಗರ

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಕೊನೆಯದಾಗಿ, ಯಾವ ಕ್ರಮದಲ್ಲಿ ಕೇಳಲಿ? ನನ್ನ ಹತ್ತಿರ ಪಿಯಾನೊ ಈಗಲೂ ಇದೆ, ಶ್ರುತಿ ಮಾಡಿಸಬೇಕು ಅಷ್ಟೇ. ಏನಾದರೂ ನುಡಿಸಲು ಆಗುವಂಥದ್ದು ಇದ್ದರೆ ಅದನ್ನೂ ಹೇಳಿ.

ಪಿಯಾನೊ_ಮೇಷ್ಟ್ರು_ಕುಕ್‌ಟೌನ್

‘ರೆಕುವೆರ್ದೊ’ದಿಂದ ಶುರು ಮಾಡಿ. ಮೊದಲು 1926ರ ದೆ ಕಾರೊ ರೆಕಾರ್ಡಿಂಗ್, ಆಮೇಲೆ 1944ರಲ್ಲಿ ಪುಗ್ಲಿಯೇಸೆ ಅವರೇ ಮಾಡಿದ್ದು. ಹುಡುಗನಾಗಿ ಬರೆದದ್ದನ್ನು ದೊಡ್ಡವರಾದ ಮೇಲೆ ಹೇಗೆ ನುಡಿಸಿದರು ಅಂತ ಗೊತ್ತಾಗುತ್ತದೆ. ಕೊನೆಯಲ್ಲಿ ಬ್ಯಾಂಡೋನಿಯನ್‌ಗಳು ಸೇರಿ ವೇಗವಾಗಿ ಹರಿಯುವ ಭಾಗ ಬರುತ್ತದೆ, ಅದನ್ನು ತಪ್ಪಿಸಬೇಡಿ. ನಂತರ 1946ರ ‘ಲಾ ಯುಂಬಾ’, ಜೊತೆಗೆ 1952ರಲ್ಲಿ ಮತ್ತೆ ಮಾಡಿದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿ. ಆಮೇಲೆ ‘ನೆಗ್ರಾಚಾ’. ಹಾಡುಗಾರಿಕೆ ಬೇಕೆಂದರೆ ಅಲ್ಬೆರ್ತೊ ಮೊರಾನ್ ಹಾಡಿದ ‘ಪಸಿಯೊನಾಲ್’, 1951. ಐವತ್ತರ ದಶಕದ ಕೊನೆಗೆ ಬಂದರೆ 1959ರ ‘ಗಾಯೊ ಸಿಯೆಗೊ’, ಅಗುಸ್ತಿನ್ ಬಾರ್ದಿ ರಚನೆ. ಬಾರ್ದಿ ತೀರಿಕೊಂಡ ಮೇಲೆ ಪುಗ್ಲಿಯೇಸೆ ಅವರ ನೆನಪಿಗೆ ‘ಅದಿಯೋಸ್ ಬಾರ್ದಿ’ ಅಂತ ಬರೆದಿದ್ದಾರೆ, ಅದೂ ಬಹಳ ಚೆನ್ನಾಗಿದೆ. ಕೊನೆಗೆ 1979ರ ‘ದೆಸ್ದೆ ಎಲ್ ಅಲ್ಮಾ’. ಇದು ವಾಲ್ಟ್ಸ್, ಮೂರರ ಲಯ. ರೊಸಿತಾ ಮೆಲೊ ಅನ್ನುವ ಹೆಣ್ಣುಮಗಳ ರಚನೆ. ಅದನ್ನು ಮಾತ್ರ ಮನೆಯಲ್ಲಿ ಎಲ್ಲರೂ ಇದ್ದಾಗ ಹಾಕಿ.

ನುಡಿಸಲು ‘ರೆಕುವೆರ್ದೊ’ವನ್ನೇ ಹಿಡಿಯಿರಿ. ಮೊದಲ ಭಾಗ ಐದನೇ ಗ್ರೇಡ್ ಆದವರಿಗೆ ಕೈಗೆ ಸಿಗುತ್ತದೆ. ಎಡಗೈಯನ್ನು ನಿಧಾನವಾಗಿ, ಒಂಟಿಯಾಗಿ ಕಲಿಯಿರಿ. ಪ್ರತಿ ಒಂದನೇ ಪೆಟ್ಟಿಗೆ ಮುಂಚೆ ಕೆಳಗಿನ ಎರಡು ಮೂರು ಸ್ವರಗಳನ್ನು ಬೇಗ ಜಾರಿಸಿ ಬಂದು ಕೂರಿಸಿ ನೋಡಿ, ಪೆಡಲ್ ಕಾಲಿಗೆ ತಾಗಿಸಲೇಬೇಡಿ. ಲಯ ಎಣಿಸುವ ಮೆಟ್ರೊನೋಮ್ ಇಟ್ಟು ಒಮ್ಮೆ, ಅದನ್ನು ನಿಲ್ಲಿಸಿ ಒಮ್ಮೆ. ಪಿಯಾನೊ ಶ್ರುತಿ ಮಾಡಿಸುವುದನ್ನು ಮಳೆಗಾಲ ಮುಗಿದ ಮೇಲೆ ಇಟ್ಟುಕೊಳ್ಳಿ, ಈಗ ಮಾಡಿಸಿದರೆ ತೇವಕ್ಕೆ ಮತ್ತೆ ಇಳಿಯುತ್ತದೆ. ಕೆಳಗಿನ ತಂತಿಗಳನ್ನು ಚೆನ್ನಾಗಿ ನೋಡಲು ಹೇಳಿ, ನಿಮಗೆ ಇನ್ನು ಮುಂದೆ ಬೇಕಾಗುವುದು ಅವೇ.